ಬೈಬಲ್‌ನ ಎರಡನೇ ಭಾಗವಾದ ಹೊಸ ಒಡಂಬಡಿಕೆಯ ಹಳೆಯ ಕೈಬರಹದ ಪ್ರತಿಗಳು ಒಂದಕ್ಕೊಂದು ಯಾಕೆ ಹೊಂದುವುದಿಲ್ಲ? ಯಾರಾದರೂ ಬೇಕಂತಲೇ ತಿದ್ದಿದರಾ?

ಬೇಕಂತಲೇ ತಿದ್ದಿದ್ದೂ ಇದೆ. ಆದರೆ ಜಾಸ್ತಿ ಪಾಲು ಸುಮ್ನೆ ಕಣ್ತಪ್ಪು, ಕೈತಪ್ಪು. ನೀವು ಯಾವತ್ತಾದರೂ ಇನ್ನೊಬ್ಬರ ನೋಟ್ಸ್ ನಕಲು ಮಾಡಿದ್ದೀರಾ? ಕಾಲೇಜಿನಲ್ಲಿ ನಾನು ಮಾಡುತ್ತಿದ್ದೆ. ಎರಡು ಸಾಲು ಒಂದೇ ಪದದಲ್ಲಿ ಮುಗಿದರೆ ಸಾಕು, ನಡುವಿನದ್ದು ಮಾಯ. ಪರೀಕ್ಷೆಯ ಹಿಂದಿನ ರಾತ್ರಿವರೆಗೂ ಗೊತ್ತೇ ಆಗುತ್ತಿರಲಿಲ್ಲ.

ಅಲ್ಲೂ ಆದದ್ದು ಇದೇ. ವ್ಯಾಟಿಕನ್ ಗ್ರಂಥಾಲಯದಲ್ಲಿ 4ನೇ ಶತಮಾನದ ಒಂದು ಗ್ರೀಕ್ ಪ್ರತಿ ಇದೆ, ಕೋಡೆಕ್ಸ್ ವ್ಯಾಟಿಕಾನಸ್ ಅಂತ. ಸುವಾರ್ತೆ ಅಂದರೆ ಯೇಸುವಿನ ಕಥೆ ಹೇಳುವ ಪುಸ್ತಕ. ಯೋಹಾನನ ಸುವಾರ್ತೆ 17:15ರಲ್ಲಿ, ಅಂದರೆ 17ನೇ ಅಧ್ಯಾಯದ 15ನೇ ವಚನದಲ್ಲಿ, ಯೇಸು ಶಿಷ್ಯರಿಗಾಗಿ ಮಾಡುವ ಪ್ರಾರ್ಥನೆ ಹೀಗಿದೆ: ಇವರನ್ನು ಲೋಕದಿಂದ ತೆಗೆ ಅಂತ ಕೇಳುತ್ತಿಲ್ಲ, ಇವರನ್ನು ಕೆಡುಕನಿಂದ ಕಾಪಾಡು ಅಂತ ಕೇಳುತ್ತೇನೆ. ಗ್ರೀಕ್‌ನಲ್ಲಿ ಒಂದೇ ಮೂರು ಪದಗಳು ಇಲ್ಲಿ ಎರಡು ಸಲ ಬರುತ್ತವೆ. ಬರೆಯುವವನ ಕಣ್ಣು ಮೊದಲನೆಯದರಿಂದ ಎರಡನೆಯದಕ್ಕೆ ಹಾರಿತು. ಉಳಿದದ್ದು, "ಇವರನ್ನು ಕೆಡುಕನಿಂದ ತೆಗೆ ಅಂತ ಕೇಳುತ್ತಿಲ್ಲ"! ಆಗ ಪದಗಳ ನಡುವೆ ಜಾಗ ಬಿಡುವ ರೂಢಿಯೂ ಇರಲಿಲ್ಲ, ಅಕ್ಷರಗಳ ಒಂದೇ ಸರಪಳಿ. ಕಣ್ಣು ಜಾರದೆ ಇನ್ನೇನಾಗಬೇಕು?

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು 14ನೇ ಶತಮಾನದ, 109 ಅನ್ನೋ ನಂಬರಿನ ಪ್ರತಿ. ಲೂಕನ ಸುವಾರ್ತೆಯಲ್ಲಿ ಯೇಸುವಿನ ವಂಶಾವಳಿ ಇದೆ, ಇಂಥವನು ಇಂಥವನ ಮಗ ಅಂತ ಹಿಂದೆ ಹಿಂದೆ ಹೋಗಿ ಕೊನೆಗೆ ಆದಾಮ, ಆಮೇಲೆ ದೇವರು. ಈ ಪ್ರತಿ ಬರೆದವನ ಮುಂದಿದ್ದ ಮೂಲದಲ್ಲಿ ಅದು ಎರಡು ಕಾಲಮ್ಮಿನಲ್ಲಿತ್ತು. ಒಂದು ಕಾಲಮ್ ಪೂರ್ತಿ ಇಳಿದು ಇನ್ನೊಂದಕ್ಕೆ ಹೋಗುವ ಬದಲು ಈ ಪುಣ್ಯಾತ್ಮ ಅಡ್ಡಡ್ಡ ಬರೆಯುತ್ತಾ ಹೋದ. ಯಾರ ಮಗ ಯಾರಿಗೋ ಆದ, ದೇವರು ಅರಾಮನ ಮಗನಾದ, ಮನುಕುಲದ ಮೂಲಪುರುಷ ಪೆರೆಚ ಅನ್ನೋನಾದ. ಧರ್ಮದ್ರೋಹ ಏನಲ್ಲ, ಪಾಪ, ಯೋಚಿಸದೆ ಬರೆದಿದ್ದಾನೆ ಅಷ್ಟೆ.

ಇನ್ನು ಬೇಕಂತಲೇ ಸೇರಿಸಿದ್ದು. ಮಾರ್ಕನ ಸುವಾರ್ತೆ ವ್ಯಾಟಿಕಾನಸ್‌ನಲ್ಲೂ, ಸೈನಾಯ್ ಬೆಟ್ಟದ ಮಠದಲ್ಲಿ ಸಿಕ್ಕ ಅದೇ ಶತಮಾನದ ಪ್ರತಿಯಲ್ಲೂ 16:8ಕ್ಕೆ ಮುಗಿಯುತ್ತದೆ: ಹೆಂಗಸರು ಯೇಸುವಿನ ಸಮಾಧಿಯಿಂದ ಓಡಿದರು, ಹೆದರಿ ಯಾರಿಗೂ ಏನೂ ಹೇಳಲಿಲ್ಲ. ಅಷ್ಟೇ. ಕಥೆ ಹೀಗೆ ನಡುವೆ ನಿಂತರೆ ಕೈಯಲ್ಲಿ ಲೇಖನಿ ಇದ್ದವನಿಗೆ ಸುಮ್ಮನಿರಲಾಗುತ್ತದಾ? ಮುಂದಿನ 12 ವಚನಗಳು ಆಮೇಲೆ ಸೇರಿದವು ಅನ್ನೋದು ಹೆಚ್ಚಿನ ವಿದ್ವಾಂಸರ ಮಾತು. ಈಗ ಯೋಹಾನನ ಸುವಾರ್ತೆಯಲ್ಲಿರುವ, ವ್ಯಭಿಚಾರದಲ್ಲಿ ಸಿಕ್ಕಿಬಿದ್ದ ಹೆಂಗಸಿನ ಪ್ರಸಿದ್ಧ ಕಥೆಯೂ ಈ ಎರಡು ಪ್ರತಿಗಳಲ್ಲಿ ಇಲ್ಲ. ಬೇರೆ ಕೆಲವು ಪ್ರತಿಗಳಲ್ಲಿ ಅದು ಯೋಹಾನ ಬಿಟ್ಟು ಲೂಕನಲ್ಲಿ ಕೂತಿದೆ.

ಒಂದೆರಡು ಗೆರೆಯ ವ್ಯತ್ಯಾಸಗಳೂ ಇವೆ. ಹೊಸ ಒಡಂಬಡಿಕೆಯಲ್ಲೇ ಇರುವ, ತಿಮೊಥೆಯನಿಗೆ ಬರೆದ ಮೊದಲನೆಯ ಪತ್ರ, 3:16, ಯೇಸುವಿನ ಬಗೆಗಿನ ಮಾತು. ಗ್ರೀಕ್‌ನಲ್ಲಿ 'ಯಾರು' ಅನ್ನೋದಕ್ಕೆ ಎರಡೇ ಅಕ್ಷರ. 'ದೇವರು' ಅನ್ನೋದನ್ನು ಚಿಕ್ಕದಾಗಿ ಬರೆದರೂ ಎರಡೇ ಅಕ್ಷರ, ದುಂಡಕ್ಷರದ ಹೊಟ್ಟೆಯಲ್ಲೊಂದು ಗೆರೆ, ತಲೆ ಮೇಲೊಂದು ಗೆರೆ ಅಷ್ಟೇ ಜಾಸ್ತಿ. ಸೈನಾಯ್ ಪ್ರತಿಯಲ್ಲಿ ಮೊದಲು ಬರೆದದ್ದು 'ಯಾರು'. ನಂತರ ಇನ್ಯಾರೋ ಅದನ್ನು 'ದೇವರು' ಮಾಡಿದ್ದಾರೆ.

ತಿದ್ದುವವರ ಮೇಲೆ ಆಗಿನವರಿಗೂ ಸಿಟ್ಟಿತ್ತು. ವ್ಯಾಟಿಕಾನಸ್‌ನಲ್ಲಿ ಇಬ್ರಿಯರಿಗೆ ಬರೆದ ಪತ್ರದ 1:3ರ ಒಂದು ಪದವನ್ನು ಯಾರೋ ತಿದ್ದಿದ್ದರು. ಆಮೇಲೆ ಬಂದವನೊಬ್ಬ ಮೊದಲಿದ್ದ ಪದವನ್ನೇ ಮತ್ತೆ ಬರೆದು, ಅಂಚಿನಲ್ಲಿ ಬೈದಿದ್ದಾನೆ: ಮಹಾಮೂರ್ಖ, ದುಷ್ಟ, ಹಳೆಯದನ್ನು ಹಾಗೇ ಬಿಡು, ಬದಲಾಯಿಸಬೇಡ! ತಮಾಷೆ ಅಂದರೆ, ಹೆಚ್ಚುಕಡಿಮೆ ಬೇರೆಲ್ಲ ಪ್ರತಿಗಳಲ್ಲೂ ಇರುವುದು ಆ ತಿದ್ದಿದವನ ಪದವೇ.