24 ಕ್ಯಾಮೆರಾ ಇರುವ ಮನೆಗೆ ಯಾವ ರೆಕಾರ್ಡಿಂಗ್ ಸಾಫ್ಟ್‌ವೇರ್ ಒಳ್ಳೆಯದು?

24 ಕ್ಯಾಮೆರಾ, ಮೂಲೆಯಲ್ಲಿ ಬಿದ್ದಿರುವ ಒಂದು ಹಳೇ ಕಂಪ್ಯೂಟರ್, ಬ್ಲೂ ಐರಿಸ್ಸಾ ಫ್ರಿಗೇಟಾ ಅನ್ನೋ ಗೊಂದಲ. ಕೊನೆಗೆ "ಡಿಸ್ಕ್ ಉಳಿಸೋಕೆ ಚಲನೆ ಇದ್ದಾಗ ಮಾತ್ರ ರೆಕಾರ್ಡ್ ಮಾಡಿಸ್ತೀನಿ" ಅನ್ನೋ ಸಾಲು. ನಿಮ್ಮ ಪ್ರಶ್ನೆ ಓದುತ್ತಾ ನನ್ನದೇ ಹಳೇ ಡೈರಿ ಓದಿದ ಹಾಗಾಯ್ತು. ನನ್ನದು 18 ಕ್ಯಾಮೆರಾ. ನನ್ನನ್ನು ಮುಳುಗಿಸಿದ್ದು ಆ ಕೊನೆಯ ಸಾಲೇ.

ಮೂರು ವಾರ ನಿದ್ದೆಗೆಟ್ಟು ಸಾಫ್ಟ್‌ವೇರ್‌ಗಳನ್ನು ಹೋಲಿಸಿದ್ದೆ. ಎಕ್ಸೆಲ್‌ನಲ್ಲಿ ಪಟ್ಟಿ ಬೇರೆ ಮಾಡಿದ್ದೆ. ಯಾವುದಕ್ಕೆ ಜಾಸ್ತಿ ಟಿಕ್ ಬಿತ್ತೋ ಅದನ್ನೇ ಹಾಕಿಕೊಂಡೆ. ಹೆಸರು ಬೇಡ, ತಪ್ಪು ಅದರದ್ದಲ್ಲ. ಒಂದೇ ಪರದೆಯಲ್ಲಿ 18 ಚೌಕಗಳನ್ನು ನೋಡುತ್ತಾ ಕೂತರೆ ಹೊತ್ತು ಹೋಗಿದ್ದೇ ಗೊತ್ತಾಗುತ್ತಿರಲಿಲ್ಲ. ನಾಲ್ಕು ತಿಂಗಳು ಎಲ್ಲ ಸರಿಯಾಗೇ ಇತ್ತು. ಅಂದರೆ, ನಾಲ್ಕು ತಿಂಗಳು ಏನೂ ನಡೆಯಲಿಲ್ಲ.

ಒಂದು ಮಳೆ ರಾತ್ರಿ ಮಗಳ ಸೈಕಲ್ ಹೋಯ್ತು. ಬೆಳಿಗ್ಗೆ ಎಲ್ಲರೂ ಪರದೆ ಮುಂದೆ ಸೇರಿದೆವು. ಸಮಯ 2:13:07. ಗೇಟಿನ ಚಿಲಕದ ಮೇಲೆ ಒಂದು ಕೈ, ತೋಳಿನ ತುದಿಯಿಂದ ನೀರು ತೊಟ್ಟಿಕ್ಕುತ್ತಿದೆ. ಮುಂದಿನ ಚಿತ್ರ 2:13:48. ಗೇಟು ಹಾರುಹೊಡೆದಿದೆ, ಸೈಕಲ್ ಒರಗಿಸಿದ್ದ ಗೋಡೆ ಬೋಳಾಗಿದೆ. ನಡುವಿನ 41 ಸೆಕೆಂಡು ಇಲ್ಲವೇ ಇಲ್ಲ. ಪಕ್ಕದ ಕ್ಯಾಮೆರಾ ನೋಡಿದರೆ ಬರೀ ಹಸಿರು-ಬೂದು ಚೌಕಗಳ ಕಲಸುಮೇಲೋಗರ. "ಅಪ್ಪಾ, ಹದಿನೆಂಟು ಕ್ಯಾಮೆರಾ ಇದ್ರೂ ಒಂದರಲ್ಲೂ ಮುಖ ಇಲ್ವಾ?" ಅಂದಳು. ಏನು ಹೇಳಲಿ?

ಆದದ್ದೇನು ಅಂತ ಸ್ವಲ್ಪ ಉದ್ದವಾಗೇ ಹೇಳುತ್ತೇನೆ, ಸಹಿಸಿಕೊಳ್ಳಿ. ರೆಕಾರ್ಡಿಂಗ್ ಸಾಫ್ಟ್‌ವೇರ್ ಮಾಡುವುದು ಎರಡು ಕೆಲಸ. ಒಂದು ಬರೆಯುವುದು, ಇನ್ನೊಂದು ನೋಡುವುದು. ಬರೆಯುವುದು ಸಲೀಸು. ವಿಡಿಯೊವನ್ನು ಎಚ್.264 ಅಥವಾ ಎಚ್.265 ಅನ್ನುವ ಚಿಕ್ಕ ರೂಪಕ್ಕೆ ಕುಗ್ಗಿಸುವ ಕಷ್ಟವನ್ನು ಕ್ಯಾಮೆರಾ ಮೊದಲೇ ಪಟ್ಟಿರುತ್ತದೆ. ಬಂದ ಗಂಟನ್ನು ಬಿಚ್ಚದೆ ಹಾಗೇ ಡಿಸ್ಕಿಗೆ ಹಾಕಿದರಾಯ್ತು. ನೋಡುವುದು ಹಾಗಲ್ಲ. ಏನಾದರೂ ಅಲುಗಾಡಿತಾ ಅಂತ ತಿಳಿಯಬೇಕಾದರೆ ಗಂಟು ಬಿಚ್ಚಿ ಒಂದೊಂದು ಚಿತ್ರವನ್ನೂ ಹಿಂದಿನದರ ಜೊತೆ ಹೋಲಿಸಬೇಕು. 4ಕೆ ಚಿತ್ರದಲ್ಲಿ 3840 × 2160, ಅಂದರೆ ಸುಮಾರು 83 ಲಕ್ಷ ಪಿಕ್ಸೆಲ್. ಸೆಕೆಂಡಿಗೆ 15 ಚಿತ್ರ, 18 ಕ್ಯಾಮೆರಾ. ಗುಣಿಸಿ ನೋಡಿ, ಸೆಕೆಂಡಿಗೆ 224 ಕೋಟಿ ಪಿಕ್ಸೆಲ್! ಅಷ್ಟನ್ನೂ ನನ್ನ ಹಳೇ ಪ್ರೊಸೆಸರ್ ಮೇಲೆ ಹೇರಿದ್ದೆ.

ಹೇರಬೇಕಾಗೇ ಇರಲಿಲ್ಲ ಅನ್ನೋದೇ ಹೊಟ್ಟೆ ಉರಿಸುವುದು. ಪ್ರತಿ ಕ್ಯಾಮೆರಾವೂ ಎರಡನೇ ಸಣ್ಣ ಸ್ಟ್ರೀಮ್ ಒಂದನ್ನು ಕೊಡುತ್ತಿತ್ತು, ಸಬ್‌ಸ್ಟ್ರೀಮ್. 640 × 360, ಸೆಕೆಂಡಿಗೆ 5 ಚಿತ್ರ. ನೋಡುವ ಕೆಲಸಕ್ಕೆ ಅದನ್ನು ಕೊಟ್ಟಿದ್ದರೆ 18 ಕ್ಯಾಮೆರಾ ಸೇರಿ ಸುಮಾರು 2 ಕೋಟಿ ಪಿಕ್ಸೆಲ್. ನೂರರಲ್ಲಿ ಒಂದು ಪಾಲೂ ಇಲ್ಲ. ಯಾರೋ ನಡೆದು ಬಂದರು ಅಂತ ತಿಳಿಯಲು ಅಷ್ಟು ಸಾಕು. ಸೆಟ್ಟಿಂಗ್ಸ್‌ನಲ್ಲಿ ಅದಕ್ಕೆಂದೇ ಒಂದು ಖಾನೆ ಇತ್ತು. ಮಸುಕು ಚಿತ್ರ ಯಾರಿಗೆ ಬೇಕು ಅಂತ ಖಾಲಿ ಬಿಟ್ಟಿದ್ದೆ. ಹೆಸರಲ್ಲೇ "ಸಬ್" ಇದೆಯಲ್ಲ, ಎರಡನೇ ದರ್ಜೆ ಮಾಲು ಅಂದುಕೊಂಡಿದ್ದೆ.

ಒಣ ರಾತ್ರಿಗಳಲ್ಲಿ ಕಂಪ್ಯೂಟರ್ ಹೇಗೋ ಏದುಸಿರು ಬಿಡುತ್ತಾ ಸಂಭಾಳಿಸುತ್ತಿತ್ತು. ಮಳೆ ಬಂತು ನೋಡಿ. ಇನ್‌ಫ್ರಾರೆಡ್ ಬೆಳಕಿಗೆ ಒಂದೊಂದು ಹನಿಯೂ ಬಿಳಿ ಗೀರಾಗಿ ಹೊಳೆಯುತ್ತದೆ. ಎಲ್ಲ ಕ್ಯಾಮೆರಾಗಳಲ್ಲೂ ಒಟ್ಟಿಗೇ "ಚಲನೆ". ಮಳೆಯ ಚಿತ್ರ ಸುಲಭವಾಗಿ ಕುಗ್ಗುವುದೂ ಇಲ್ಲ, ಹಾಗಾಗಿ ಬರುವ ಡೇಟಾವೂ ಏರಿತು. ಬಿಚ್ಚಬೇಕಾದ ಗಂಟುಗಳ ಸಾಲು ಬೆಳೆಯಿತು, ಮೆಮೊರಿ ತುಂಬಿತು, ಸಾಫ್ಟ್‌ವೇರ್ ಫ್ರೇಮ್‌ಗಳನ್ನು ಎಸೆಯತೊಡಗಿತು. ಈ ವಿಡಿಯೊಗಳಲ್ಲಿ ಹೆಚ್ಚಿನ ಫ್ರೇಮ್‌ಗಳು ಪೂರ್ತಿ ಚಿತ್ರವಲ್ಲ, ಹಿಂದಿನದಕ್ಕಿಂತ ಏನು ಬದಲಾಯಿತು ಅನ್ನುವ ಟಿಪ್ಪಣಿ ಅಷ್ಟೇ. ನಡುವೆ ಒಂದು ಕಳೆದರೆ ಮುಂದಿನ ಕೀಫ್ರೇಮ್, ಅಂದರೆ ಪೂರ್ತಿ ಚಿತ್ರವಿರುವ ಫ್ರೇಮ್, ಬರುವ ತನಕ ಚಿತ್ರ ಕೆಡುತ್ತದೆ. ಆ ಹಸಿರು-ಬೂದು ಚೌಕಗಳು ಬಂದದ್ದು ಹೀಗೆ. "ಮೊದಲು ನೋಡು, ಆಮೇಲೆ ಬರೆ" ಅಂತ ನಾನೇ ತಾನೆ ಹೇಳಿದ್ದು? ನೋಡುವವನು ಮುಗ್ಗರಿಸಿದ, ಬರೆಯುವವನು ಕೈಕಟ್ಟಿ ಕೂತ. ಲಾಗ್ ಫೈಲಿನಲ್ಲಿ ನಾಲ್ಕು ತಿಂಗಳಿಂದ ಪ್ರತಿ ಮಳೆಗೂ ಫ್ರೇಮ್ ಬಿಟ್ಟುಹೋದ ಸಾಲುಗಳು ಬಿದ್ದಿದ್ದವು. ಅದನ್ನು ನಾನು ತೆರೆದದ್ದೇ ಸೈಕಲ್ ಹೋದ ಮೇಲೆ.

ಹಾಗಾಗಿ, ಬೇಜಾರು ಮಾಡ್ಕೋಬೇಡಿ, ನಿಮ್ಮ ಪ್ರಶ್ನೆಯೇ ತಲೆಕೆಳಗಾಗಿದೆ. ಸಾಫ್ಟ್‌ವೇರ್ ಕೊನೆಗೆ ಆರಿಸುವ ವಸ್ತು. ಮೊದಲು, 24 ಗಂಟೆಯೂ ಬರೆಯುವುದು ಅಂತ ತೀರ್ಮಾನ ಮಾಡಿ. ಚಲನೆ ಗುರುತಿಸುವುದು ಆಮೇಲೆ ಹುಡುಕಲು ಇರಲಿ, ಏನನ್ನು ಉಳಿಸಬೇಕು ಅಂತ ನಿರ್ಧರಿಸಲು ಬೇಡ. ಡಿಸ್ಕ್ ಸಾಲಲ್ಲ ಅಂತೀರಾ? ಒಂದು ಕ್ಯಾಮೆರಾಗೆ 4 ಎಂಬಿಪಿಎಸ್ (ಸೆಕೆಂಡಿಗೆ 4 ಮೆಗಾಬಿಟ್) ಇಟ್ಟರೆ ದಿನಕ್ಕೆ ಸುಮಾರು 43 ಜಿಬಿ. 24 ಕ್ಯಾಮೆರಾಗೆ ದಿನಕ್ಕೊಂದು ಟಿಬಿ ಚಿಲ್ಲರೆ. ಎರಡು ವಾರ ಇಡಲು ಸುಮಾರು 15 ಟಿಬಿ. ಜಾಸ್ತಿ ಅನ್ನಿಸಿದರೆ ಕ್ಯಾಮೆರಾ ಕಮ್ಮಿ ಮಾಡಿ, ಗಂಟೆ ಕಮ್ಮಿ ಮಾಡಬೇಡಿ. ನಾನು 18ರಿಂದ 13ಕ್ಕೆ ಇಳಿದೆ. ತೆಗೆದ ಐದೂ ಬೇರೆ ಬೇರೆ ಕೋನದಿಂದ ಒಂದೇ ಗೋಡೆಯನ್ನು ಕಾಯುತ್ತಿದ್ದವು. ಡಿಸ್ಕ್ ತರುವಾಗ ಕಣ್ಗಾವಲಿಗೆಂದೇ ಮಾಡಿದ ಡಬ್ಲ್ಯೂಡಿ ಪರ್ಪಲ್, ಸೀಗೇಟ್ ಸ್ಕೈಹಾಕ್ ಥರದ್ದು ತನ್ನಿ. ಡೇಟಾದ ಸಾಲುಗಳನ್ನು ಒಂದರ ಮೇಲೊಂದು ಸ್ವಲ್ಪ ಹೊದಿಸಿ ಬರೆಯುವ ಎಸ್‌ಎಂಆರ್ ಡಿಸ್ಕಿಗೆ ಬಿಡುವಿಲ್ಲದೆ ಬರೆಸಿದರೆ ತಡವರಿಸುತ್ತದೆ. ಇನ್ನೊಂದು, 24 × 4 ಅಂದರೆ 96 ಎಂಬಿಪಿಎಸ್. ನಡುವೆ ಎಲ್ಲಾದರೂ ಹಳೇ 100 ಎಂಬಿಪಿಎಸ್ ನೆಟ್‌ವರ್ಕ್ ಸ್ವಿಚ್ ಕೂತಿದ್ದರೆ ಅಲ್ಲೇ ಕತ್ತು ಹಿಸುಕಿದ ಹಾಗೆ.

ಇಷ್ಟಾದ ಮೇಲೆ ಸಾಫ್ಟ್‌ವೇರ್ ಜಗಳ ತಾನಾಗೇ ಚಿಕ್ಕದಾಗುತ್ತದೆ. ಬ್ಲೂ ಐರಿಸ್ ವಿಂಡೋಸ್‌ನಲ್ಲಿ ಮಾತ್ರ ಓಡುತ್ತದೆ, 64 ಕ್ಯಾಮೆರಾ ತನಕ ನಿಭಾಯಿಸುತ್ತದೆ. ಸಬ್‌ಸ್ಟ್ರೀಮ್ ಹಾಕಿ, ಬಂದದ್ದನ್ನು ನೇರವಾಗಿ ಡಿಸ್ಕಿಗೆ ಬರೆಯುವ ಆಯ್ಕೆ ಹಾಕಿ, ಚೆನ್ನಾಗೇ ಓಡುತ್ತದೆ. ನಾನೀಗ ಫ್ರಿಗೇಟ್‌ನಲ್ಲಿದ್ದೇನೆ. ಉಚಿತ, ಓಪನ್ ಸೋರ್ಸ್, ಲಿನಕ್ಸ್ ಮೇಲೆ ಡಾಕರ್‌ನಲ್ಲಿ (ಸಾಫ್ಟ್‌ವೇರನ್ನು ಅದರದ್ದೇ ಡಬ್ಬಿಯೊಳಗಿಟ್ಟು ಓಡಿಸುವ ವ್ಯವಸ್ಥೆ) ಕೂರುತ್ತದೆ. ನನಗೆ ಹಿಡಿಸಿದ್ದು ಅದರ ಎಐ ಅಲ್ಲ. ಅದರ ಕಾನ್ಫಿಗ್ ಫೈಲಿನಲ್ಲಿ ಪ್ರತಿ ಸ್ಟ್ರೀಮಿಗೂ "ಡಿಟೆಕ್ಟ್", "ರೆಕಾರ್ಡ್" ಅಂತ ಪಾತ್ರ ಹಂಚಬೇಕು. ನಾನು ಕಲಸಿದ್ದ ಎರಡು ಕೆಲಸವನ್ನು ಅದು ಕೂರಿಸಿಕೊಂಡು ಬೇರೆ ಮಾಡಿಸುತ್ತದೆ! ಆ ಕಾನ್ಫಿಗ್ ಫೈಲನ್ನು ಯಾಮೆಲ್ ಅನ್ನುವ ಶೈಲಿಯಲ್ಲಿ ಬರೆಯಬೇಕು, ಒಂದು ಸ್ಪೇಸ್ ತಪ್ಪಿದರೆ ತಲೆ ಚಚ್ಚಿಕೊಳ್ಳಬೇಕು, ಅದು ನಿಜ. ಸಿನಾಲಜಿ ನ್ಯಾಸ್ (ನೆಟ್‌ವರ್ಕಿಗೆ ಜೋಡಿಸುವ ಡಿಸ್ಕ್ ಪೆಟ್ಟಿಗೆ) ಜೊತೆ ಸಿಗುವುದು ಎರಡು ಕ್ಯಾಮೆರಾ ಲೈಸೆನ್ಸ್, ಮಿಕ್ಕಿದ್ದಕ್ಕೆಲ್ಲ ಕ್ಯಾಮೆರಾ ಲೆಕ್ಕದಲ್ಲಿ ದುಡ್ಡು. 24ಕ್ಕೆ ನಾನಂತೂ ಆ ದಾರಿ ಹಿಡಿಯಲ್ಲ. ಇದೆಲ್ಲ ಕೆದಕುವ ಹುಚ್ಚು ಇಲ್ಲದಿದ್ದರೆ ಸುಮ್ನೆ ಕ್ಯಾಮೆರಾ ರೆಕಾರ್ಡಿಂಗಿಗೆಂದೇ ಮಾಡಿದ ಒಂದು 32 ಚಾನೆಲ್ ಎನ್‌ವಿಆರ್ ಡಬ್ಬ ತಂದಿಡಿ. ಅದರಲ್ಲಿ ನಾಚಿಕೆ ಏನಿದೆ?

ಹಳೇ ಕಂಪ್ಯೂಟರ್ ಇಂಟೆಲ್ ಆರನೇ ತಲೆಮಾರು ಅಥವಾ ಆಮೇಲಿನದಾಗಿದ್ದು, ಒಳಗೇ ಗ್ರಾಫಿಕ್ಸ್ ಇದ್ದರೆ ಎಚ್.265 ಬಿಚ್ಚುವ ಕೆಲಸವನ್ನು ಅದಕ್ಕೇ ವಹಿಸಬಹುದು. ಕ್ಯಾಮೆರಾಗಳಿಗೆ ಇಂಟರ್ನೆಟ್ ಕೊಡಲೇಬೇಡಿ, 2016ರಲ್ಲಿ ಮಿರಾಯ್ ಮಾಲ್‌ವೇರ್ ಹೊಕ್ಕಿದ್ದು ಪಾಸ್‌ವರ್ಡ್ ಬದಲಿಸದ ಇಂಥ ಕ್ಯಾಮೆರಾ, ಡಿವಿಆರ್‌ಗಳಿಗೇ. ಆದರೆ ಇಂಟರ್ನೆಟ್ ಕಿತ್ತರೆ ಅವುಗಳ ಗಡಿಯಾರ ನಿಧಾನಕ್ಕೆ ದಾರಿ ತಪ್ಪುತ್ತದೆ. ರೆಕಾರ್ಡ್ ಮಾಡುವ ಕಂಪ್ಯೂಟರಿನಲ್ಲೇ ಸರಿಯಾದ ಸಮಯ ಹೇಳುವ ಎನ್‌ಟಿಪಿ ಸರ್ವರ್ ಓಡಿಸಿ, ಕ್ಯಾಮೆರಾಗಳಿಗೆ ಅದರ ವಿಳಾಸ ಕೊಡಿ.

ಈಗ ನಮ್ಮ ಮನೆಯಲ್ಲಿ ತಿಂಗಳಿಗೊಮ್ಮೆ ನಾಟಕದ ಕಳ್ಳತನ ನಡೆಯುತ್ತದೆ. ಮನೆಯವರಲ್ಲಿ ಒಬ್ಬರು ನನಗೆ ಹೇಳದೆ ಅಂಗಳದಿಂದ ಏನಾದರೂ ಎತ್ತಿಕೊಂಡು ಹೋಗುತ್ತಾರೆ. ನಾನು ಆ ದೃಶ್ಯ ಹುಡುಕಿ ಪೆನ್‌ಡ್ರೈವಿಗೆ ಹಾಕಿ ಬೇರೆ ಕಂಪ್ಯೂಟರಿನಲ್ಲಿ ಓಡಿಸಿ ತೋರಿಸಬೇಕು. ಹೋದ ತಿಂಗಳು ಮಗಳ ಸರದಿ. ವಿಡಿಯೊ ಎರಡೇ ನಿಮಿಷದಲ್ಲಿ ಸಿಕ್ಕಿತು, ಒಂದು ಫ್ರೇಮೂ ತಪ್ಪಿರಲಿಲ್ಲ. ಗೇಟಿನಿಂದ ಹೂಕುಂಡದವರೆಗೆ, ಹೂಕುಂಡದಿಂದ ಗೇಟಿನವರೆಗೆ, 4ಕೆಯಲ್ಲಿ, ಒಂದು ಬಿಚ್ಚಿದ ಕೊಡೆ ನಡೆದುಹೋಗುತ್ತಿತ್ತು. ಕ್ಯಾಮೆರಾ ಹನ್ನೆರಡು ಅಡಿ ಮೇಲಿತ್ತು. ಅದೇ ಭಾನುವಾರ ಏಣಿ ಹಾಕಿ ಅದನ್ನು ಮುಖದ ಮಟ್ಟಕ್ಕೆ ಇಳಿಸಿದೆ.