ವೆಂಟಿಲೇಟರ್ ಬೇಡ, ನರ್ಸ್ ಕ್ವಾರ್ಟರ್ಸ್ ರಿಪೇರಿ ಮಾಡಿಸಿ

ಓದುಗರ ಪತ್ರ: ಕಳೆದ ಸಂಚಿಕೆಯಲ್ಲಿ ಎಬೋಲಾ ನಂತರದ ಪಶ್ಚಿಮ ಆಫ್ರಿಕಾದ ಬಗ್ಗೆ ಬರೆದಿದ್ದೀರಿ. ಅಷ್ಟು ಬಡ ದೇಶಗಳಿಂದ ನಾವು ಕಲಿಯುವುದು ಏನಿದೆ? ನಮ್ಮ ಕಡೆ ಕೊರೊನಾ ಕಾಲದಲ್ಲಿ ಬಂದ ಯಂತ್ರಗಳೇ ಮೂಲೆ ಸೇರಿವೆ. ಈಗ ನಾವು ಕೆಲವು ಬೆಳೆಗಾರರು ದುಡ್ಡು ಹಾಕಿ ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಒಂದು ವೆಂಟಿಲೇಟರ್ ಕೊಡಿಸೋಣ ಅಂತಿದ್ದೇವೆ. ನಿಮ್ಮ ಅಭಿಪ್ರಾಯ ತಿಳಿಸಿ. (ಮೂಡಿಗೆರೆ ತಾಲ್ಲೂಕಿನ ಓದುಗರು)

ಸಂಪಾದಕರ ಉತ್ತರ:

ನಮಸ್ಕಾರ. ಕೈಯಿಂದ ದುಡ್ಡು ಹಾಕಲು ಮುಂದೆ ಬಂದಿದ್ದೀರಿ, ನಿಮ್ಮದು ದೊಡ್ಡ ಮನಸ್ಸು. ಆದರೂ ವೆಂಟಿಲೇಟರ್ ಬೇಡ ಎಂದೇ ಹೇಳುತ್ತೇನೆ. ಹಾಗೆ ಹೇಳಲು ಕಾರಣ ಸಿಕ್ಕಿದ್ದು ಆ ಬಡ ದೇಶಗಳಲ್ಲೇ.

ಗಿನಿ, ಲೈಬೀರಿಯಾ, ಸಿಯೆರಾ ಲಿಯೋನ್. 2014ರಿಂದ 2016ರವರೆಗೆ ಅಲ್ಲಿ 28,000ಕ್ಕೂ ಹೆಚ್ಚು ಜನರಿಗೆ ಎಬೋಲಾ ಬಂತು. ರೋಗಿಯನ್ನೋ ಹೆಣವನ್ನೋ ಮುಟ್ಟಿದವರಿಗೆ ಅಂಟುವ ಮಾರಕ ಜ್ವರ ಅದು. 11,000ಕ್ಕೂ ಹೆಚ್ಚು ಜನ ಸತ್ತರು. ಅವರಲ್ಲಿ ಸುಮಾರು 500 ಮಂದಿ ಡಾಕ್ಟರು, ನರ್ಸು, ಆಸ್ಪತ್ರೆ ಸಿಬ್ಬಂದಿ. ಸಿಯೆರಾ ಲಿಯೋನಿನಲ್ಲಿ ಇಂಥ ಜ್ವರಗಳ ಚಿಕಿತ್ಸೆಯಲ್ಲಿ ಪಳಗಿದ್ದ ಡಾ. ಶೇಖ್ ಉಮರ್ ಖಾನ್ 2014ರ ಜುಲೈನಲ್ಲಿ ಎಬೋಲಾಕ್ಕೇ ಬಲಿಯಾದರು. ಲೈಬೀರಿಯಾದಲ್ಲಂತೂ 40 ಲಕ್ಷ ಜನಕ್ಕೆ ಇದ್ದ ಡಾಕ್ಟರೇ ಸುಮಾರು 50. ಉಳಿದವರೆಲ್ಲ ಎಬೋಲಾ ಹಿಂದೆ ಓಡಿದಾಗ ಹೆರಿಗೆ, ಮಲೇರಿಯಾ, ಮಕ್ಕಳ ಲಸಿಕೆ ಕೇಳುವವರಿಲ್ಲದೆ ಹೋದವು. ಆಸ್ಪತ್ರೆಗೆ ಹೋದರೆ ರೋಗ ಅಂಟುತ್ತದೆ ಎಂದು ಜನ ಆ ಕಡೆ ಸುಳಿಯಲೇ ಇಲ್ಲ. ಎಬೋಲಾ ಇಳಿಯುವ ಹೊತ್ತಿಗೆ ದಡಾರ ಎದ್ದಿತು.

ದುಡ್ಡು ಬರಲಿಲ್ಲ ಅಂತಲ್ಲ. ಲೈಬೀರಿಯಾದಲ್ಲಿ ಅಮೆರಿಕದ ಸೇನೆ 11 ಚಿಕಿತ್ಸಾ ಕೇಂದ್ರ ಕಟ್ಟಿತು. ಅವಷ್ಟೂ ಸೇರಿ ನೋಡಿದ ಎಬೋಲಾ ರೋಗಿಗಳು 28. ಕಟ್ಟಿ ಮುಗಿಸುವಷ್ಟರಲ್ಲಿ ಊರಿನವರೇ ಹೆಣ ತೊಳೆಯುವ ಪದ್ಧತಿ ಬಿಟ್ಟಿದ್ದರು. ಜ್ವರ ಬಂದವರನ್ನು ಬೇರೆ ಇಡಲು, ಅವರ ಜೊತೆ ಓಡಾಡಿದವರನ್ನು ಹುಡುಕಲು ಶುರುಮಾಡಿದ್ದರು. ರೋಗ ಬಗ್ಗಿದ್ದು ಜಾಸ್ತಿ ಅದಕ್ಕೇ. ಇದನ್ನು ಕಂಡ ಲೈಬೀರಿಯಾ 2016ರಲ್ಲಿ ಬೇರೆ ದಾರಿ ಹಿಡಿಯಿತು. ಕ್ಲಿನಿಕ್‌ನಿಂದ 5 ಕಿಲೋಮೀಟರಿಗಿಂತ ದೂರದ ಊರುಗಳಲ್ಲಿ ಅಲ್ಲಿಯವರನ್ನೇ ಆರಿಸಿ, ತರಬೇತಿ ಕೊಟ್ಟು, ತಿಂಗಳಿಗೆ 70 ಡಾಲರ್ ಸಂಬಳ ಗೊತ್ತುಮಾಡಿತು.

ಗಿನಿಯ ಕಥೆ ಇನ್ನೂ ಸ್ಪಷ್ಟ. 2013ರ ಡಿಸೆಂಬರಿನಲ್ಲಿ ಶುರುವಾದ ರೋಗ ಎಬೋಲಾ ಎಂದು ಗೊತ್ತಾಗಿದ್ದು 2014ರ ಮಾರ್ಚಿನಲ್ಲಿ, ಅದೂ ರಕ್ತದ ಮಾದರಿ ಯುರೋಪಿನ ಲ್ಯಾಬ್ ಸೇರಿದ ಮೇಲೆ. 2021ರಲ್ಲಿ ಅದೇ ಸೀಮೆಯಲ್ಲಿ ಎಬೋಲಾ ಮತ್ತೆ ಬಂತು. ಈ ಸಲ ಗಿನಿಯ ಲ್ಯಾಬ್‌ನಲ್ಲೇ ಗೊತ್ತಾಯಿತು. ಅಷ್ಟರಲ್ಲಿ ಲಸಿಕೆಯೂ ಬಂದಿತ್ತು, ಅದರ ಪಾಲನ್ನು ಮರೆಯುವಂತಿಲ್ಲ. ಫೆಬ್ರವರಿಯಲ್ಲಿ ಗುರುತಿಸಿದ ರೋಗವನ್ನು ಜೂನ್‌ನಲ್ಲಿ ಮುಗಿಸಿದರು. ಸತ್ತವರು 12 ಜನ.

ಕೊಪ್ಪ, ಶೃಂಗೇರಿ, ಎನ್.ಆರ್.ಪುರದ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಮಂಗನ ಕಾಯಿಲೆ ಇಂದಿಗೂ ಬೇಸಿಗೆ ಬಂತೆಂದರೆ ನಮ್ಮ ಕಾಡಂಚಿನ ಮನೆಗಳ ನಿದ್ದೆ ಕೆಡಿಸುತ್ತದೆ. ಮಂಗ ಸತ್ತು ಬಿದ್ದದ್ದನ್ನು ಮೊದಲು ನೋಡುವವರು ಸೌದೆಗೋ ದರಗಿಗೋ ಹೋದವರು. ಅವರು ಯಾರಿಗೆ ಹೇಳಬೇಕು? ಪರಿಚಯದ ಆಶಾ ಕಾರ್ಯಕರ್ತೆ ಇದ್ದರೆ ಅವತ್ತೇ ಸುದ್ದಿ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ (ಪಿಎಚ್‌ಸಿ) ಮುಟ್ಟುತ್ತದೆ. ಈ ಕಾಯಿಲೆ ಹರಡುವ ಉಣುಗು ಕಚ್ಚದಂತೆ ಮೈಗೆ ಹಚ್ಚುವ ಡೆಪಾ ಎಣ್ಣೆ ಮನೆಗಳಿಗೆ ಬರುತ್ತದೆ, ಜ್ವರ ಬಂದವರ ರಕ್ತ ಪರೀಕ್ಷೆಗೆ ಹೋಗುತ್ತದೆ. ಆ ಒಬ್ಬರು ಇಲ್ಲದಿದ್ದರೆ ಸುದ್ದಿ ಕಾಡಿನಲ್ಲೇ ಉಳಿಯುತ್ತದೆ.

ನಿಮ್ಮ ತೋಟದ ಲೈನ್ ಮನೆಗಳಿಗೆ ಜುಲೈ ಮಳೆಯಲ್ಲಿ ಬರುವ ಆಶಾ ಅಕ್ಕನನ್ನು ಒಮ್ಮೆ ಗಮನಿಸಿ. ಮಾರನೆಯ ದಿನ ಗುರುವಾರ, ಲಸಿಕೆ ದಿನ. ಕೊಡೆ ಮಡಚಿ, ಕಾಲಿಗೆ ಹತ್ತಿದ ಜಿಗಣೆ ಕಿತ್ತೆಸೆದು, ಅಸ್ಸಾಮಿನಿಂದ ಕೆಲಸಕ್ಕೆ ಬಂದ ಹೆಣ್ಣುಮಗಳ ಹತ್ತಿರ ಮಗುವಿನ ತಾಯಿ ಕಾರ್ಡ್ ಎಲ್ಲಿ ಎಂದು ಕೈಸನ್ನೆಯಲ್ಲೇ ಕೇಳುತ್ತಾರೆ. ಕೊರೊನಾದಲ್ಲಿ ಮನೆ ಮನೆ ತಿರುಗಿ ಜ್ವರ ಕೇಳಿದವರೂ ಇವರೇ. ಆಗ ಹೂವು ಹಾಕಿ ಚಪ್ಪಾಳೆ ತಟ್ಟಿದೆವು. ಅದೇ ಹೆಣ್ಣುಮಕ್ಕಳು ತಿಂಗಳಿಗೆ ಇಂತಿಷ್ಟು ಗೌರವಧನ ಖಾತ್ರಿ ಮಾಡಿ ಎಂದು 2025ರ ಜನವರಿ ಚಳಿಯಲ್ಲಿ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಮಲಗಬೇಕಾಯಿತು. ನನಗೆ ಇದು ನುಂಗಲಾರದ ಸಂಗತಿ.

ಒಂದು ಸಲ ಕೊಟ್ಟು ಫೋಟೋ ತೆಗೆಸಿಕೊಳ್ಳುವಂಥದ್ದಕ್ಕೆ ದುಡ್ಡು ಬೇಗ ಹುಟ್ಟುತ್ತದೆ. ತಿಂಗಳು ತಿಂಗಳು ಕೊಡಬೇಕಾದ್ದಕ್ಕೆ ಹುಟ್ಟುವುದಿಲ್ಲ. ವೆಂಟಿಲೇಟರ್‌ಗೆ ಹಗಲು ರಾತ್ರಿ ತರಬೇತಾದ ಸಿಬ್ಬಂದಿ ಬೇಕು, ಆಕ್ಸಿಜನ್ ಬೇಕು, ನಿಲ್ಲದ ಕರೆಂಟ್ ಬೇಕು. ಮಳೆಗಾಲದಲ್ಲಿ ನಿಮ್ಮ ಕಡೆ ಕರೆಂಟ್ ಎಷ್ಟು ದಿನ ಇರುತ್ತದೆ, ನನಗಿಂತ ನಿಮಗೇ ಚೆನ್ನಾಗಿ ಗೊತ್ತು ಅಲ್ವಾ?

ಹಾಗಾಗಿ ಮೊದಲು ನಿಮ್ಮ ಪಿಎಚ್‌ಸಿಯ ಆರೋಗ್ಯ ರಕ್ಷಾ ಸಮಿತಿಯವರ ಜೊತೆ ಕೂತು ಮಾತಾಡಿ. ಸ್ಟಾಫ್ ನರ್ಸ್ ಊರಲ್ಲೇ ಉಳಿಯುತ್ತಿದ್ದಾರಾ, ದಿನಾ ಬಸ್ಸಿನಲ್ಲಿ ಬಂದು ಹೋಗುತ್ತಿದ್ದಾರಾ ಕೇಳಿ. ಕ್ವಾರ್ಟರ್ಸ್ ಸೋರುತ್ತಿದ್ದರೆ ಹೆಂಚು ಬದಲಿಸಿ, ಬಾತ್‌ರೂಮು ಸರಿಮಾಡಿಸಿ, ನೀರಿನ ಲೈನ್ ಎಳೆಸಿ. ರಾತ್ರಿ ಹನ್ನೊಂದಕ್ಕೆ ಹೆರಿಗೆ ನೋವು ಬಂದರೆ ಬಾಗಿಲು ತೆಗೆಯಲು ಒಬ್ಬರು ಅಲ್ಲಿರುತ್ತಾರೆ. ದುಡ್ಡು ಮಿಕ್ಕರೆ ಮಳೆಗಾಲದ ನಾಲ್ಕು ತಿಂಗಳು ಬುಧವಾರ, ಗುರುವಾರ ಆಶಾ ಕಾರ್ಯಕರ್ತೆಯರ ಓಡಾಟಕ್ಕೆ ಒಂದು ಜೀಪು ಗೊತ್ತುಮಾಡಿ. ಡ್ರೈವರ್‌ಗೆ ಸಂಬಳ ಕೊಟ್ಟೇ ಇಟ್ಟುಕೊಳ್ಳಿ.