ಹಟ್ಟಿಯ ನೊಣದಿಂದ ದನಕ್ಕೆ ಚರ್ಮಗಂಟು ರೋಗ ಬರ್ತದಾ?

ಬರ್ತದೆ, ಆದ್ರೆ ಎಲ್ಲಾ ನೊಣದಿಂದ ಅಲ್ಲ. ಕಾಸರಗೋಡಿನ ಬದಿಯಡ್ಕ ಕಡೆ ನಮ್ಮ ಹಟ್ಟಿಯಲ್ಲಿ ದನ ಸುಮ್ಮನೆ ಕಾಲು ಬಡೀತಾ ಇದ್ರೆ ಬಗ್ಗಿ ನೋಡೋದು, ಮೊಣಕಾಲಿನ ಕೆಳಗೆ ತಲೆ ಮೇಲೆ ಮಾಡಿ ಕೂತ ಬೂದು ನೊಣ, ಅದೇ ರಕ್ತ ಹೀರೋದು. ನೋವಿಗೆ ದನ ಒದ್ದ ಕೂಡಲೇ ಅರ್ಧ ಹೊಟ್ಟೆಯಲ್ಲಿ ಹಾರಿ ಪಕ್ಕದ ದನಕ್ಕೆ ಚುಚ್ತದೆ, ಮೂತಿಗೆ ಅಂಟಿದ ವೈರಸ್ ಅಲ್ಲಿಗೆ ದಾಟ್ತದೆ, ಒಂದೇ ಸೂಜಿ ಇಬ್ಬರಿಗೆ ಚುಚ್ಚಿದ ಹಾಗೆ. ನುಸಿ (ಸೊಳ್ಳೆ), ಉಣುಗು ಕೂಡ ಹರಡ್ತವೆ. ಮನುಷ್ಯರಿಗೆ ಬರೋದಿಲ್ಲ. ಹೊಗೆ ಹಾಕಿದ್ರೆ ಸ್ವಲ್ಪ ಹೊತ್ತು ಮಾತ್ರ, ಆ ನೊಣ ಮೊಟ್ಟೆ ಇಡೋದು ಸೆಗಣಿ ಮೂತ್ರ ಸೇರಿ ಕೊಳೆತ ಸೊಪ್ಪಲ್ಲಿ, ಅಡಿಕೆ ತೋಟಕ್ಕೆ ಗೊಬ್ಬರ ಬೇಕು ಅಂತ ನಾವು ತೆಗೆಯದೆ ಬಿಡೋದೂ ಅದನ್ನೇ! ದನಕ್ಕೆ ಗೋಟ್ ಪಾಕ್ಸ್ ಲಸಿಕೆ (ಆಡಿನ ಸಿಡುಬಿಂದು, ಇದಕ್ಕೂ ತಡೆ ಕೊಡ್ತದೆ) ಹಾಕಿಸಿ, ಗಂಟು ಕಂಡ ದನವನ್ನ ಬೇರೆ ಕಟ್ಟಿ.